ಬೆಸುಗೆ ವಿಜ್ಞಾನಿಯೊಬ್ಬರ ಜೀವಮಾನ ಸಾಧನೆಯನ್ನು ದಾಖಲಿಸಿದ ಬಗೆ: ನನ್ನ ಅನುಭವ

ಹೈಡ್ರೋಜನ್‌ನಿಂದ ಬೆಸುಗೆಯಲ್ಲಿ ಹುಟ್ಟುವ ಬಿರುಕುಗಳ ಅಧ್ಯಯನಕ್ಕೇ ವೃತ್ತಿಜೀವನವನ್ನು ಮುಡಿಪಿಟ್ಟ ಹಿರಿಯ ಸಂಶೋಧಕರೊಬ್ಬರನ್ನು ಜೀವಮಾನ ಸಾಧನೆಯ ಪ್ರಶಸ್ತಿಗೆ ಶಿಫಾರಸು ಮಾಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಅವರ ಪ್ರಬಂಧಗಳ ಪಟ್ಟಿಯೂ ಉಲ್ಲೇಖಗಳ ಲೆಕ್ಕವೂ ಸಿದ್ಧವಾಗಿದ್ದವು. ನಾನು ಮೊದಲು ಅವನ್ನು ಬದಿಗಿಟ್ಟೆ. ಬೆಸುಗೆಯ ಕ್ಷೇತ್ರದಲ್ಲಿ ನಿಜವಾಗಿ ನೆಲೆಯೂರಿದ ಸಂಶೋಧನೆ ಕ್ರಮೇಣ ಯಾರ ಹೆಸರೂ ಇಲ್ಲದೆ ಬಳಕೆಯಾಗತೊಡಗುತ್ತದೆ. ಉಕ್ಕಿನಲ್ಲಿರುವ ಮ್ಯಾಂಗನೀಸನ್ನು 6ರಿಂದಲೂ, ನಿಕ್ಕಲ್ ಮತ್ತು ತಾಮ್ರದ ಮೊತ್ತವನ್ನು 15ರಿಂದಲೂ ಭಾಗಿಸಿ ಕಾರ್ಬನ್ ಸಮಾನಾಂಕ (ಬೆಸೆದಾಗ ಉಕ್ಕು ಎಷ್ಟು ಗಡಸಾಗಿ ಬಿರುಕು ಬಿಡಬಹುದೆಂಬುದರ ಸೂಚ್ಯಂಕ) ಲೆಕ್ಕಹಾಕುವ ಎಂಜಿನಿಯರ್‌ಗೆ, ಆ ಬಗೆಯ ಸೂತ್ರವನ್ನು 1940ರಲ್ಲಿ ಡಿಯರ್ಡನ್ ಮತ್ತು ಓನೀಲ್ ಮಂಡಿಸಿದರೆಂಬುದು ಗೊತ್ತಿರಬೇಕೆಂದೇನೂ ಇಲ್ಲ.

ಹಾಗಾಗಿ ನಾನು ಹಿಮ್ಮುಖವಾಗಿ ನಡೆದೆ. ಇಂದು ಬಳಕೆಯಲ್ಲಿರುವ, ಬೆಸುಗೆಯ ಕ್ರಮವನ್ನು ಹೇಳುವ ವೆಲ್ಡಿಂಗ್ ಪ್ರೊಸೀಜರ್‌ಗಳಲ್ಲಿ ಪ್ರೀಹೀಟ್ ತಾಪಮಾನ (ಬೆಸೆಯುವ ಮುನ್ನ ಲೋಹವನ್ನು ಎಷ್ಟು ಕಾಯಿಸಬೇಕೆಂಬುದು), ಎಲೆಕ್ಟ್ರೋಡ್‌ಗಳನ್ನು ಓವನ್‌ನಲ್ಲಿ ಒಣಗಿಸುವ ಅವಧಿ, ಬೆಸುಗೆ ಮುಗಿದ ಮೇಲೆ ತಪಾಸಣೆಗೆ ಮುನ್ನ ಕಾಯಬೇಕಾದ ಸಮಯ ಇವನ್ನೆಲ್ಲ ಗುರುತುಮಾಡಿಕೊಂಡು, ಯಾವ ನಿಯಮದ ಹಿಂದೆ ಅವರ ಯಾವ ಪ್ರಯೋಗವಿದೆಯೆಂದು ಒಂದೊಂದಾಗಿ ಹುಡುಕಿದೆ. ಕೆಲವು ಕೊಂಡಿಗಳು ಸಿಗಲಿಲ್ಲ, ಅವನ್ನು ಕೈಬಿಟ್ಟೆ.

ವಿವರಣೆಯನ್ನು ಹೇಗೆ ಬರೆಯಬೇಕೆಂಬುದಕ್ಕೆ ನನ್ನ ಕಣ್ಣಮುಂದೆ ಒಂದು ಮಾದರಿಯಿತ್ತು. ಒಂದೇ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನ ಎರಡು ತಟ್ಟೆಗಳನ್ನು (ಲೋಹದ ಹಲಗೆಗಳನ್ನು) ಒಂದೇ ಕರೆಂಟ್‌ನಲ್ಲಿ ಟಿಗ್ ಬೆಸುಗೆ (ಜಡ ಅನಿಲದ ರಕ್ಷಣೆಯಲ್ಲಿ ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಜ್ವಾಲೆಯಿಂದ ಮಾಡುವ ಬೆಸುಗೆ) ಮಾಡಿದರೂ ಒಂದರಲ್ಲಿ ಬೆಸುಗೆ ಆಳಕ್ಕಿಳಿಯುವುದು, ಇನ್ನೊಂದರಲ್ಲಿ ಅಗಲವಾಗಿ ಹರಡಿಕೊಳ್ಳುವುದು ಬಹುಕಾಲ ಒಗಟಾಗಿತ್ತು. ಗಂಧಕದಂಥ ಅಲ್ಪಪ್ರಮಾಣದ ಧಾತುಗಳು ಕರಗಿದ ಲೋಹದ ಮೇಲ್ಮೈ ಎಳೆತವನ್ನು ಬದಲಿಸಿ, ಹೊರಕ್ಕೆ ಸಾಗುತ್ತಿದ್ದ ಹರಿವನ್ನು ಒಳಮುಖವಾಗಿಸುತ್ತವೆಂದು ಹೈಪಲ್ ಮತ್ತು ರೋಪರ್ 1980ರ ದಶಕದ ಆರಂಭದಲ್ಲಿ ವಿವರಿಸಿದರು. ಸಮಸ್ಯೆ, ಕಾರಣ, ಕಾರ್ಯಾಗಾರದಲ್ಲಾದ ಪರಿಣಾಮ ಎಂಬ ಈ ಸರಣಿ ಸ್ಪಷ್ಟವಾಗಿದ್ದರೆ ‘ಮಹತ್ವದ ಕೊಡುಗೆ’ ಎಂಬ ಮಾತೇ ಬೇಕಾಗುವುದಿಲ್ಲ.

ಕಡತದಲ್ಲಿ ನಾನು ಅತಿ ಹೆಚ್ಚು ಜಾಗ ಕೊಟ್ಟದ್ದು ಒಂದೇ ಒಂದು ಛಾಯಾಚಿತ್ರಕ್ಕೆ. ಫಿಲೆಟ್ ಬೆಸುಗೆಯೊಂದನ್ನು (ಎರಡು ತಟ್ಟೆಗಳು ಕೂಡುವ ಮೂಲೆಯಲ್ಲಿ ಹಾಕುವ ಬೆಸುಗೆ) ಅಡ್ಡಕ್ಕೆ ಕೊಯ್ದು, ಪಾಲಿಶ್ ಮಾಡಿ, ಲೋಹದ ಒಳರಚನೆ ಕಾಣುವಂತೆ ಮಾಡುವ ಆಮ್ಲದ್ರಾವಣವಾದ ನೈಟಾಲ್‌ನಲ್ಲಿ ಅದ್ದಿ ತೆಗೆದಿದ್ದ ಆ ತುಣುಕಿನಲ್ಲಿ ಬೆಸುಗೆಲೋಹದ ಅಂಚಿಗೆ ಗಾಢವಾದ ಕಿರಿದಾದ ಪಟ್ಟಿಯೊಂದು, ಎಂದರೆ ಬೆಸುಗೆಯ ಶಾಖಕ್ಕೆ ಗಡಸಾದ ತಟ್ಟೆಯ ಭಾಗ, ಕಾಣುತ್ತಿತ್ತು; ಅದರುದ್ದಕ್ಕೂ ಗಡಸುತನ ಪರೀಕ್ಷೆಯ ವಜ್ರದ ಮೊನೆ ಒತ್ತಿದ ಚೌಕಾಕಾರದ ಗುರುತುಗಳು ಸಾಲಾಗಿದ್ದವು. ಬಿರುಕು ಆ ಪಟ್ಟಿಯೊಳಗೇ, ಬೆಸುಗೆಯ ಬುಡದಿಂದ ಹೊರಟಿತ್ತು. ಹೈಡ್ರೋಜನ್, ಗಡಸಾದ ರಚನೆ, ಉಳಿಕೆ ಒತ್ತಡ (ಬೆಸೆದ ಮೇಲೆ ಲೋಹದೊಳಗೇ ಉಳಿಯುವ ಒತ್ತಡ) ಈ ಮೂರೂ ಒಂದೆಡೆ ಕೂಡಿದರೆ, ಲೋಹ ತಣ್ಣಗಾಗಿ ಗಂಟೆಗಳು ಕಳೆದ ಮೇಲೂ ಬಿರುಕು ಬರಬಹುದೆಂಬುದನ್ನು ಪುಟಗಟ್ಟಲೆ ಗದ್ಯಕ್ಕಿಂತ ಚೆನ್ನಾಗಿ ಆ ಚಿತ್ರವೇ ಹೇಳುತ್ತಿತ್ತು. ಆಯ್ಕೆ ಸಮಿತಿಯಲ್ಲಿ ಬೆಸುಗೆಯವರಲ್ಲದವರೂ ಇರುತ್ತಾರೆಂಬುದನ್ನು ಇಲ್ಲಿ ಮರೆಯಬಾರದು.

ಬೆಂಬಲದ ಪತ್ರಗಳನ್ನು ಸಂಶೋಧಕರ ಶಿಷ್ಯರಿಂದ ತರಿಸಲಿಲ್ಲ. ಅವರ ವಾದವನ್ನು ಒಮ್ಮೆ ವಿರೋಧಿಸಿದ್ದ ತಜ್ಞರೊಬ್ಬರಿಂದಲೂ, ಒತ್ತಡಪಾತ್ರೆಗಳ ಕಾರ್ಯಾಗಾರದ ಗುಣಮಟ್ಟ ಅಧಿಕಾರಿಯೊಬ್ಬರಿಂದಲೂ ಬರೆಸಿದೆ. ಎರಡನೆಯ ಪತ್ರದಲ್ಲಿ ಹೊಗಳಿಕೆ ಕಡಿಮೆಯಿತ್ತು. ದುರಸ್ತಿ ಬೆಸುಗೆಗಳು ಎಲ್ಲೆಲ್ಲಿ ತಪ್ಪಿದವೆಂಬ ವಿವರವಿತ್ತು. ನನಗೆ ಬೇಕಿದ್ದದ್ದೂ ಅದೇ.

ಶ್ರೇಯಸ್ಸು ಹಂಚುವ ವಿಷಯ ಸೂಕ್ಷ್ಮವಾದದ್ದು. 1991ರಲ್ಲಿ ಇಂಗ್ಲೆಂಡಿನ ಬೆಸುಗೆ ಸಂಶೋಧನಾ ಸಂಸ್ಥೆಯಾದ ಟಿಡಬ್ಲ್ಯುಐಯಲ್ಲಿ ರೂಪುಗೊಂಡ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ (ತಿರುಗುವ ಉಪಕರಣದ ಘರ್ಷಣೆಯಿಂದ, ಲೋಹವನ್ನು ಕರಗಿಸದೆ ಬೆಸೆಯುವ ವಿಧಾನ) ಎಂದೊಡನೆ ವೇಯ್ನ್ ಥಾಮಸ್ ಅವರ ಹೆಸರು ಕೇಳಿಬರುತ್ತದೆ, ಆದರೆ ಪೇಟೆಂಟ್‌ನಲ್ಲಿ ಅವರ ಜೊತೆ ಸಹೋದ್ಯೋಗಿಗಳ ಹೆಸರುಗಳೂ ಇವೆ. ನಮ್ಮ ಕಡತದಲ್ಲೂ ಪರೀಕ್ಷಾ ತುಣುಕುಗಳನ್ನು ಬೆಸೆದ ವೆಲ್ಡರ್‌ಗಳನ್ನೂ ಅವನ್ನು ಕೊಯ್ದು ಸಿದ್ಧಪಡಿಸಿದ ತಂತ್ರಜ್ಞರನ್ನೂ ಹೆಸರಿಸಿದೆ. ಇದರಿಂದ ಮುಖ್ಯ ವ್ಯಕ್ತಿಯ ತೂಕ ಕಡಿಮೆಯಾಗುತ್ತದೆಂದು ಒಬ್ಬರು ಆಕ್ಷೇಪಿಸಿದರು, ನಾನು ಒಪ್ಪಲಿಲ್ಲ.

ಬಿನ್ನವತ್ತಳೆಯ ಒಕ್ಕಣೆಯನ್ನು ಕೊನೆಗೆ ಬರೆದೆ. ‘ಅಪ್ರತಿಮ’, ‘ಅವಿಸ್ಮರಣೀಯ’ ಮುಂತಾದ ವಿಶೇಷಣಗಳನ್ನೆಲ್ಲ ತೆಗೆದುಹಾಕಿ, ಅವರು ಏನನ್ನು ಅಳೆದರು, ಅದರಿಂದ ಯಾವ ನಿಯಮ ಬದಲಾಯಿತು ಎಂಬುದಷ್ಟನ್ನೇ ಉಳಿಸಿದೆ. ಸಮಾರಂಭದಲ್ಲಿ ಭಾಷಣಗಳನ್ನು ಮೊಟಕುಗೊಳಿಸಿ, ಸನ್ಮಾನಿತರ ತಾಂತ್ರಿಕ ಉಪನ್ಯಾಸಕ್ಕೇ ಹೆಚ್ಚಿನ ಸಮಯ ಮೀಸಲಿಡುವಂತೆ ಕೇಳಿಕೊಂಡೆ. ಅವರು ತಮ್ಮ ಹಳೆಯ ಫಲಿತಾಂಶಗಳನ್ನು ಬೇಗನೆ ದಾಟಿ, ಕಾರ್ಬನ್ ತಗ್ಗಿಸಿದ ಹೊಸ ಅಧಿಕಬಲದ ಉಕ್ಕುಗಳಲ್ಲಿ ಬಿರುಕು ತಟ್ಟೆಯ ಬದಲು ಬೆಸುಗೆಲೋಹದಲ್ಲೇ ಕಾಣಿಸಿಕೊಳ್ಳುವ ಪ್ರವೃತ್ತಿಯ ಬಗ್ಗೆ, ಅಲ್ಲಿ ತಟ್ಟೆಯ ಸಂಯೋಜನೆಯನ್ನಷ್ಟೇ ನೋಡಿ ಪ್ರೀಹೀಟ್ ನಿರ್ಧರಿಸಿದರೆ ಏಕೆ ಸಾಲದೆಂಬುದರ ಬಗ್ಗೆ ಮಾತನಾಡಿದರು.