ನರಕೋಶದ ಎಳೆ ನೋಡಬೇಕಾ? ಪಿಎಫ್‌ಎ ಬೆಚ್ಚಗಿರಲಿ

ಲ್ಯಾಬಿಗೆ ಹೊಸದಾಗಿ ಬಂದವರು ಮಾಡುವ ತಪ್ಪು ಹೆಚ್ಚುಕಮ್ಮಿ ಒಂದೇ. ಫ್ರಿಜ್ಜಿನಿಂದ ಪಿಎಫ್‌ಎ (ಪ್ಯಾರಾಫಾರ್ಮಾಲ್ಡಿಹೈಡ್, ಕೋಶವನ್ನು ಇದ್ದ ಹಾಗೇ ಹಿಡಿದು ನಿಲ್ಲಿಸುವ ರಾಸಾಯನಿಕ) ತೆಗೆದು, ತಣ್ಣಗಿರುವಾಗಲೇ ನರಕೋಶದ ಮೇಲೆ ಸುರಿಯುತ್ತಾರೆ. ಮಾರನೇ ದಿನ ಮೈಕ್ರೊಸ್ಕೋಪಿನಲ್ಲಿ ಉದ್ದನೆಯ ಎಳೆಗಳ ಬದಲು ಬರೀ ಮಂಜು, ಮಧ್ಯೆ ಒಂದಷ್ಟು ತುಂಡು. ಆಮೇಲೆ ಆಂಟಿಬಾಡಿಯನ್ನು (ಬೇಕಾದ ಪ್ರೋಟೀನಿಗೆ ಅಂಟಿ ಅದನ್ನು ತೋರಿಸಿಕೊಡುವಂಥದ್ದು) ಬೈಯುವುದು. ಅದು ಪಾಪ ಏನು ಮಾಡೀತು?

ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಭಾಗದ ನರಕೋಶದಲ್ಲಿ ಮೈಕ್ರೊಟ್ಯೂಬ್ಯೂಲ್ ಅನ್ನುವ ಆ ಎಳೆ, ಅದಕ್ಕೆ ಅಂಟಿಕೊಳ್ಳುವ ಟೌ ಮತ್ತು ಮ್ಯಾಪ್2 ಪ್ರೋಟೀನ್‌ಗಳು, ಇವನ್ನು ನೋಡುವ ಬಗೆ ಇದು.

1. ಗಾಜಿನ ಕವರ್‌ಸ್ಲಿಪ್‌ಗೆ ಪಾಲಿಲೈಸಿನ್ ಬಳಿದು, ತೊಳೆದು, ಕೋಶ ಹಾಕಿ 37 ಡಿಗ್ರಿಯಲ್ಲಿ ಬೆಳೆಸಿ. ತೊಳೆಯುವುದರಲ್ಲಿ ಮಾತ್ರ ಜಿಪುಣತನ ಬೇಡ, ಉಳಿದ ಪಾಲಿಲೈಸಿನ್ ಕೋಶಕ್ಕೆ ವಿಷ.

2. ಅವಸರ ಮಾಡಬೇಡಿ. ಎರಡನೇ ದಿನ ನೋಡಿದರೆ ಟೌ, ಮ್ಯಾಪ್2 ಎರಡೂ ಬೆರೆತೇ ಇರುತ್ತವೆ. ವಾರ ಕಳೆದರೆ ಟೌ ಹೆಚ್ಚಾಗಿ ಆಕ್ಸಾನಿನಲ್ಲಿ (ಸಂಕೇತ ಹೊರಗೆ ಒಯ್ಯುವ ಉದ್ದ ಕೈ), ಮ್ಯಾಪ್2 ಡೆಂಡ್ರೈಟಿನಲ್ಲಿ (ಸಂಕೇತ ಪಡೆಯುವ ಕವಲು). ಮ್ಯಾಪ್2ಗೆ ಹೊರಚಾಚಿದ ಉದ್ದ ಬಾಲ ಇದೆ, ಅದಕ್ಕೇ ಅಲ್ಲಿ ಎಳೆಗಳ ನಡುವೆ ಸುಮಾರು 65 ನ್ಯಾನೊಮೀಟರ್ ಜಾಗ. ಟೌ ಇರುವಲ್ಲಿ ಸುಮಾರು 20, ಒತ್ತೊತ್ತಾಗಿ.

3. ಈಗ ಫಿಕ್ಸ್ ಮಾಡುವುದು, ಅಂದರೆ ಕೋಶವನ್ನು ಇದ್ದ ಹಾಗೇ ಹಿಡಿದು ನಿಲ್ಲಿಸುವುದು, ಎಲ್ಲರೂ ಎಡವುವ ಜಾಗ. ಮೈಕ್ರೊಟ್ಯೂಬ್ಯೂಲ್ ಅಂದ್ರೆ ಟ್ಯೂಬ್ಯುಲಿನ್ ಜೋಡಿಗಳು ಸೇರಿ ಆದ 25 ನ್ಯಾನೊಮೀಟರ್ ದಪ್ಪದ ಕೊಳವೆ. ತುದಿಯಲ್ಲಿ ಜೋಡಿಗಳು ಸೇರುತ್ತಲೇ ಇರುತ್ತವೆ, ಕಳಚುತ್ತಲೇ ಇರುತ್ತವೆ. ಚಳಿ ತಗುಲಿದರೆ ಕಳಚುವುದೇ ಜಾಸ್ತಿ. ಹಾಗಂತ ಪೂರ್ತಿ ಮಾಯವಾಗುವುದೂ ಇಲ್ಲ: ಮ್ಯಾಪ್6 ಅನ್ನುವ ಪ್ರೋಟೀನ್ ಹಿಡಿದುಕೊಂಡ ಭಾಗ ಚಳಿಗೂ ಜಗ್ಗದೆ ಉಳಿಯುತ್ತದೆ, ನೀವು ಆ ಉಳಿಕೆಯನ್ನೇ ನೋಡಿ ಕೋಶ ಇರೋದೇ ಹೀಗೆ ಅಂದುಕೊಳ್ಳುತ್ತೀರಿ. ಏನೂ ಕಾಣದಿದ್ದರೇ ಎಷ್ಟೋ ವಾಸಿ ಅಲ್ವಾ?

ಆದ್ದರಿಂದ 4% ಪಿಎಫ್‌ಎ, 4% ಸಕ್ಕರೆ (ಸುಕ್ರೋಸ್), ಎರಡನ್ನೂ ಫೆಮ್ ಬಫರಿನಲ್ಲಿ (ಎಳೆ ಕಾಪಾಡುವ ದ್ರಾವಣ) ಕರಗಿಸಿ, ನೀರಿನ ಬಾತ್‌ನಲ್ಲಿ 37 ಡಿಗ್ರಿಗೆ ತನ್ನಿ. ಸುಮ್ನೆ ಪಿಬಿಎಸ್ (ಮಾಮೂಲಿ ಉಪ್ಪಿನ ಬಫರ್) ಸಾಕು ಅನ್ನುವವರ ಮಾತು ನಾನು ಕೇಳುವುದಿಲ್ಲ. ಫೆಮ್‌ನಲ್ಲಿ ಇಜಿಟಿಎ ಇದೆ, ಎಳೆ ಬಿಚ್ಚಿಸುವ ಕ್ಯಾಲ್ಸಿಯಂ ಅನ್ನು ಅದು ಹಿಡಿದಿಡುತ್ತದೆ. ಕೋಶವನ್ನು ಇನ್‌ಕ್ಯುಬೇಟರಿನಿಂದ ತೆಗೆದು ಹರಟೆ ಹೊಡೆಯುತ್ತಾ ನಿಲ್ಲಬೇಡಿ, ಕೂಡಲೇ ಹಾಕಿ. 15 ನಿಮಿಷ. ಅಂಗಡಿಯ ಫಾರ್ಮಾಲಿನ್ ಬೇಡ, ಅದರಲ್ಲಿ ಮೆಥನಾಲ್ ಬೆರೆಸಿರುತ್ತಾರೆ. ಪಿಎಫ್‌ಎ ಅವತ್ತೇ ಮಾಡಿದ್ದಾಗಿರಲಿ, ಕೆಲಸ ಫ್ಯೂಮ್ ಹುಡ್ ಒಳಗೆ.

ಬೆಳೆಯುವ ತುದಿಗೆ ಕೂರುವ ಇಬಿ ಪ್ರೋಟೀನ್ ಬೇಕಿದ್ದರೆ ಮಾತ್ರ ಮೈನಸ್ 20 ಡಿಗ್ರಿಯ ಮೆಥನಾಲ್. ಅದೂ ತಣ್ಣಗೇ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಎಳೆ ಬಿಚ್ಚಲು ಬಿಡುವು ಕೊಡದೆ ಅದು ಪ್ರೋಟೀನನ್ನು ಗಟ್ಟಿ ಮಾಡಿಬಿಡುತ್ತದೆ.

4. ಟ್ರೈಟಾನ್ (ಕೋಶದ ಪೊರೆಯಲ್ಲಿ ತೂತು ಮಾಡುವ ಡಿಟರ್ಜೆಂಟ್), ಬ್ಲಾಕಿಂಗ್ (ಆಂಟಿಬಾಡಿ ಕಂಡಕಂಡಲ್ಲಿ ಅಂಟದಂತೆ ತಡೆಯುವುದು), ಆಂಟಿಬಾಡಿ, ಮಧ್ಯೆ ಮೂರು ಮೂರು ಸಲ ತೊಳೆಯುವುದು. ಗೊತ್ತಿರುವುದೇ.

5. ಸ್ಲೈಡಿಗೆ ಕೂರಿಸಿದ ಕವರ್‌ಸ್ಲಿಪ್ಪಿನ ಅಂಚಿಗೆ ನೈಲ್ ಪಾಲಿಶ್ ಹಚ್ಚಿ. ಒಣಗುವ ಮೊದಲೇ ಸ್ಲೈಡನ್ನು ಆಯಿಲ್ ಲೆನ್ಸಿನ ಹತ್ತಿರ ಒಯ್ಯಬೇಡಿ. ಕಳೆದ ಸಲ ಆ ಲೆನ್ಸ್ ಒರೆಸಿದ್ದು ನಾನು.