ಮನೆ ಹತ್ತಿರ ಹಾವು ಬಂದಾಗ: ತೋಟದ ಮನೆಯ ನನ್ನ ಅನುಭವ

ನಮ್ಮ ಮನೆಯಲ್ಲಿ "ಹಾವು! ಹಾವು!" ಅಂತ ಕೂಗುವ ಹಾಗಿಲ್ಲ. ಜಾಗದ ಹೆಸರು ಕೂಗಬೇಕು. "ಬಚ್ಚಲ ಒಲೆ ಪಕ್ಕ!" ಅಥವಾ "ಕೊಟ್ಟಿಗೆ ಬಾಗಿಲು!" ಅಷ್ಟೇ. ಹಾವು ಅಂತ ಕೂಗಿದರೆ ಎಲ್ಲರೂ ಕೂಗಿದವರ ಹತ್ತಿರ ಓಡಿ ಬರುತ್ತಾರೆ, ಅದೂ ಬರಿಗಾಲಲ್ಲಿ. ಜಾಗ ಹೇಳಿದರೆ ಆ ಕಡೆ ಯಾರೂ ಕಾಲಿಡುವುದಿಲ್ಲ. ಮದುವೆಯಾಗಿ ತೀರ್ಥಹಳ್ಳಿ ಸೀಮೆಯ ಈ ತೋಟದ ಮನೆಗೆ ಬಂದಾಗ ನನಗೆ ಇದನ್ನು ಕಲಿಸಿದವರು ಅತ್ತೆ. ಉಳಿದದ್ದನ್ನು ಹಾವು ಹಿಡಿಯುವ ಹುಡುಗನಿಂದ ಕಲಿತೆ.

ಮನೆ ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ, ಮುಂದೆ ಗದ್ದೆ. ಹಾವೇ ಬರದಂತೆ ಮಾಡುತ್ತೇನೆ ಅಂತ ಹೊರಟರೆ ತೋಟ ಮಾರಿ ಪೇಟೆಗೆ ಹೋಗಬೇಕಷ್ಟೆ. ಪೇಟೆಯಲ್ಲೂ ಬರುತ್ತೆ ಬಿಡಿ. ಬೆಂಗಳೂರಿನ ಹೊರಗೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ನನ್ನ ತಮ್ಮ ನನಗಿಂತ ಜಾಸ್ತಿ ನಾಗರಹಾವು ನೋಡಿದ್ದಾನೆ. ಪಕ್ಕದ ಖಾಲಿ ಸೈಟಿನಲ್ಲಿ ಕಸ, ಕಸದಲ್ಲಿ ಹೆಗ್ಗಣ. ಇನ್ನೇನು ಬೇಕು ಅದಕ್ಕೆ?

ಅಂಗಳ ದಾಟಿ ಹೋಗುವ ಹಾವಿಗೆ ನಾವು ಏನೂ ಮಾಡುವುದಿಲ್ಲ. ಕಂಡ ಕೂಡಲೇ ನಿಲ್ಲುತ್ತೇವೆ, ನಿಧಾನವಾಗಿ ಹಿಂದೆ ಸರಿಯುತ್ತೇವೆ, ನಾಯಿಯನ್ನು ಕಟ್ಟುತ್ತೇವೆ. ಹತ್ತಡಿ ದೂರ ಇದ್ದರೆ ಧಾರಾಳವಾಯಿತು. ಹಾವು ಅಟ್ಟಿಸಿಕೊಂಡು ಬರುತ್ತದೆ, ಹಗೆ ಇಟ್ಟುಕೊಂಡು ಮತ್ತೆ ಬರುತ್ತದೆ ಅನ್ನುವುದೆಲ್ಲ ಕಥೆ. ಅದಕ್ಕೆ ಬೇಕಾಗಿರುವುದು ದಾರಿ. ಆ ದಾರಿಗೆ ಅಡ್ಡ ನಾವೇ ಕೋಲು ಹಿಡಿದು ನಿಂತರೆ ಹೆಡೆ ಎತ್ತದೆ ಏನು ಮಾಡೀತು?

ನಮ್ಮಲ್ಲಿ ಜಾಸ್ತಿ ಕಾಣುವುದು ಕೇರೆ ಹಾವು. ಅದು ಕೊಟ್ಟಿಗೆಗೆ ನುಗ್ಗಿ ದನದ ಕೆಚ್ಚಲಿಗೆ ಬಾಯಿ ಹಾಕುತ್ತದೆ ಅಂತ ನಂಬುವವರು ಇನ್ನೂ ಇದ್ದಾರೆ. ಹಾವಿನ ಬಾಯಲ್ಲಿ ಹಿಂದಕ್ಕೆ ಬಾಗಿದ ಚೂಪು ಹಲ್ಲುಗಳಿವೆ. ಅಂಥ ಬಾಯಿಗೆ ಕೆಚ್ಚಲು ಕೊಟ್ಟು ದನ ಸುಮ್ನೆ ನಿಲ್ಲುತ್ತಾ? ಕೇರೆ ಕೊಟ್ಟಿಗೆಗೆ ಬರುವುದು ಹಿಂಡಿ ತಿನ್ನಲು ಬರುವ ಇಲಿಗೆ. ಬೇಸಗೆಯಲ್ಲಿ ಎರಡು ಕೇರೆ ಹಾವು ಹೆಣೆದುಕೊಂಡು ಮೇಲೇಳುವುದನ್ನು ಕಂಡರೆ ಮಿಲನ ಅಂತ ಬಟ್ಟೆ ಎಸೆದು ಬರುವವರೂ ಇದ್ದಾರೆ. ಹಾಗೆ ಸೆಣಸುವುದು ಎರಡೂ ಗಂಡು. ಬಟ್ಟೆ ಹೋಯಿತು ಅಷ್ಟೇ!

ಮನೆಯೊಳಗೆ ಬಂದರೆ ಮಾತ್ರ ಲೆಕ್ಕ ಬೇರೆ. ಒಮ್ಮೆ ಮಳೆಗಾಲದ ಸಂಜೆ ನೀರು ಕಾಯಿಸಲು ಬಚ್ಚಲಿಗೆ ಹೋದಾಗ ಹಂಡೆ ಒಲೆಯ ಪಕ್ಕ, ಸೌದೆ ಸಂದಿಯಲ್ಲಿ ನಾಗರಹಾವು ಸುತ್ತಿಕೊಂಡಿತ್ತು. ಬೆಚ್ಚಗಿನ ಜಾಗ, ಹೊರಗೆ ಜಡಿಮಳೆ. ಒಲೆ ಬೂದಿಯ ಹತ್ತಿರ ಇಲಿ ಓಡಾಡಿದ ಗುರುತೂ ಇತ್ತು. ನಾನು ಜಾಗ ಕೂಗಿ ಬಾಗಿಲ ಹೊರಗೆ ನಿಂತೆ. ಯಜಮಾನರು ಮಕ್ಕಳನ್ನು ಜಗಲಿಗೆ ಕಳಿಸಿ, ಅಡುಗೆ ಮನೆ ಕಡೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲ ತುರುಕಿದರು. ಇದು ಮುಖ್ಯ. ಬಚ್ಚಲಲ್ಲಿರುವ ಹಾವು ಬಚ್ಚಲಲ್ಲೇ ಇರಬೇಕು. ಅಕ್ಕಿ ಮೂಟೆಯ ಹಿಂದೆ ಹೋಯಿತೋ, ರಾತ್ರಿಯೆಲ್ಲ ಜಾಗರಣೆ.

ಹಾವು ಹಿಡಿಯುವ ಹುಡುಗನಿಗೆ ಫೋನು ಮಾಡಿದೆ. ಅರಣ್ಯ ಇಲಾಖೆಯವರೇ ಅವನ ನಂಬರು ಕೊಟ್ಟಿದ್ದರು. ಅವನು ಮೊದಲು ಹೇಳಿದ್ದು, "ಅಕ್ಕಾ, ಕಣ್ಣು ತೆಗೀಬೇಡಿ. ಒಬ್ಬರು ನೋಡ್ತಾನೇ ಇರಿ. ಲೈಟ್ ಹಾಕಿಡಿ. ಬಕೆಟ್ ಕವುಚೋದು, ನೀರು ಎರಚೋದು, ಸೀಮೆಎಣ್ಣೆ ಸುರಿಯೋದು, ಯಾವುದೂ ಬೇಡ." ಎಲ್ಲಿಗೆ ಹೋಯಿತು ಅಂತ ಗೊತ್ತಿಲ್ಲದ ಹಾವನ್ನು ಹುಡುಕುವುದೇ ಅವನ ಕೆಲಸದಲ್ಲಿ ಅತಿ ಕಷ್ಟದ್ದಂತೆ. ಸೌದೆಯನ್ನು ಒಂದೊಂದಾಗಿ ಎತ್ತುವಾಗ ಯಾವುದರ ಕೆಳಗೆ ಇದೆಯೋ ಏನೋ. ದೂರದಿಂದಲೇ ಜೂಮ್ ಮಾಡಿ ಒಂದು ಫೋಟೊ ಕಳಿಸಿದೆ. ಹತ್ತಿರ ಹೋಗಿ ಫೋಟೊ ತೆಗೆಯುವ ಚಟ ಮಾತ್ರ ಯಾರಿಗೂ ಬೇಡ.

ಅವನು ಬರುವವರೆಗೆ ನಾನು ಮೆಟ್ಟಿಲ ಮೇಲೆ ಕೂತೇ ಇದ್ದೆ. ಹಾವು ಒಮ್ಮೆ ತಲೆ ಎತ್ತಿತು, ನಾಲಿಗೆ ಚಾಚಿತು, ಮತ್ತೆ ಸುರುಳಿಯೊಳಗೆ ತಲೆ ಇಟ್ಟುಕೊಂಡಿತು. ಅದಕ್ಕೂ ನನ್ನ ಜೊತೆ ಜಗಳ ಬೇಕಿರಲಿಲ್ಲ.

ಹಿಡಿಯುವ ಕೆಲಸ ಟೀವಿಯಲ್ಲಿ ತೋರಿಸುವ ಹಾಗೆ ಇರಲಿಲ್ಲ. ಬಾಲ ಹಿಡಿದು ಎತ್ತಿ ಆಡಿಸಲಿಲ್ಲ. ಒಂದು ಪಿವಿಸಿ ಪೈಪು, ಅದರ ತುದಿಗೆ ಕಪ್ಪು ಬಟ್ಟೆಯ ಚೀಲ. ಪೈಪಿನ ಬಾಯನ್ನು ಹಾವಿನ ಎದುರು ಇಟ್ಟು, ಹಿಂದಿನಿಂದ ಕೊಕ್ಕೆಯಲ್ಲಿ ಮೆಲ್ಲಗೆ ತಟ್ಟಿದ. ಹಾವಿಗೆ ಕತ್ತಲ ಬಿಲ ಕಂಡಿತು, ತಾನೇ ಒಳಗೆ ಹೋಯಿತು. ನಾನು ನೋಡಿದ ಮಟ್ಟಿಗೆ ಒಳ್ಳೆಯವರು ಹೀಗೆಯೇ ಹಿಡಿಯುತ್ತಾರೆ. ಹಿಡಿದ ಮೇಲೆ ಕೊರಳಿಗೆ ಹಾಕಿಕೊಂಡು ಸೆಲ್ಫಿ ಕೊಡುವವರನ್ನು ಎರಡನೇ ಸಲ ಕರೆಯಬೇಡಿ.

ಹಾವನ್ನು ದೂರದ ಕಾಡಿಗೆ ಒಯ್ಯುತ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವನು ಹಳ್ಳದ ಆಚೆ ಬಿಡುತ್ತೇನೆ ಅಂದ. ಅತ್ತೆಗೆ ಸಿಟ್ಟು ಬಂತು. "ಅಲ್ಲೇ ಬಿಟ್ರೆ ನಾಳೆ ಮತ್ತೆ ಬರಲ್ವೇನೋ?"

"ದೂರ ಬಿಟ್ರೆ ಪಾಪ ಅದಕ್ಕೆ ಬಿಲ ಎಲ್ಲಿ, ಊಟ ಎಲ್ಲಿ ಅಂತ ಗೊತ್ತಾಗಲ್ಲ ಅಮ್ಮಾ. ಅಲೆದು ಅಲೆದು ಯಾರದೋ ಮನೆಗೆ ನುಗ್ಗುತ್ತೆ, ಇಲ್ಲಾ ಸಾಯುತ್ತೆ. ಇದನ್ನು ಒಯ್ದರೂ ನಿಮ್ಮ ಬಚ್ಚಲ ಇಲಿ ಇಲ್ಲೇ ಇರುತ್ತಲ್ಲ. ಇನ್ನೊಂದು ಬರುತ್ತೆ."

ಆಮೇಲೆ ಮಾಡಿದ ಕೆಲಸವೆಲ್ಲ ಈ ಮಾತಿನಿಂದ ಹುಟ್ಟಿದ್ದು. ಸೌದೆಯನ್ನು ಬಚ್ಚಲಿನಿಂದ ಹೊರಗೆ ಹಾಕಿದೆವು. ಗೋಡೆಗೆ ತಾಗದಂತೆ, ನೆಲದಿಂದ ಒಂದಡಿ ಮೇಲೆ ಕಲ್ಲುಕಂಬದ ಅಟ್ಟಣೆ ಕಟ್ಟಿ ಜೋಡಿಸಿದೆವು. ಬಚ್ಚಲ ನೀರು ಹೊರಗೆ ಹೋಗುವ ತೂತಿಗೆ ಸಣ್ಣ ಕಣ್ಣಿನ ಜಾಲರಿ ಬಡಿಸಿದೆವು. ಬಾಗಿಲುಗಳ ಕೆಳಗೆ ರಬ್ಬರ್ ಪಟ್ಟಿ. ಹಿಂಡಿ, ತೌಡು ಎಲ್ಲ ಮುಚ್ಚಳದ ಡ್ರಮ್ಮಿಗೆ ಹೋಯಿತು. ರಾತ್ರಿ ಮುಸುರೆ ಹೊರಗೆ ಇಡುವುದು ನಿಂತಿತು. ಕೋಳಿಗೂಡನ್ನು ಮನೆಯಿಂದ ದೂರ ಸರಿಸಿ ಮೊಟ್ಟೆಯನ್ನು ಸಂಜೆಯೇ ಎತ್ತುತ್ತೇವೆ. ಮನೆ ಗೋಡೆಯಿಂದ ನಾಲ್ಕೈದು ಅಡಿ ಹುಲ್ಲು ಬೆಳೆಯಲು ಬಿಡುವುದಿಲ್ಲ. ಅತ್ತೆಯ ದಾಸವಾಳದ ಪೊದೆ ಮಾತ್ರ ಹಾಗೇ ಇದೆ, ಆ ವಿಷಯದಲ್ಲಿ ನಾನು ಬಾಯಿ ಬಿಡಲಿಲ್ಲ.

ಫಿನಾಯಿಲ್, ಬೆಳ್ಳುಳ್ಳಿ, ಗಂಧಕ ಯಾವುದರಿಂದಲೂ ಹಾವು ದೂರ ಇರುವುದಿಲ್ಲ. ಕಾರ್ಬಾಲಿಕ್ ಆಸಿಡ್ ಅಂತೂ ಚರ್ಮ ಸುಡುವ ವಸ್ತು, ಮಕ್ಕಳು ಓಡಾಡುವ ಜಾಗದಲ್ಲಿ ಇಡಬಾರದು. ಆ ದುಡ್ಡಿಗೆ ಜಾಲರಿ ತನ್ನಿ.

ಗುರುತಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಅರ್ಧ ಗೊತ್ತಿರುವವರೇ ಕಚ್ಚಿಸಿಕೊಳ್ಳುವುದು. ಅಡಿಕೆ ಸಿಪ್ಪೆ ರಾಶಿಯಲ್ಲಿ ಒಂದು ದಪ್ಪ ಹಾವು ಮಲಗಿತ್ತು. ಕೆಲಸಕ್ಕೆ ಬಂದಿದ್ದ ಒಬ್ಬರು "ಹೆಬ್ಬಾವಿನ ಮರಿ, ಕೈಯಲ್ಲೇ ಎತ್ತಿ ಬಿಡ್ತೀನಿ" ಅಂತ ಹೊರಟರು. ತಡೆದೆ. ಅದು ಕೊಳಕುಮಂಡಲ. ಬೆನ್ನ ಮೇಲೆ ಮೂರು ಸಾಲು ದುಂಡಗಿನ ಮಚ್ಚೆ, ಒಂದೇ ಅಳತೆಯವು, ಸರಪಳಿ ಹಾಗೆ. ಹೆಬ್ಬಾವಿನ ಮಚ್ಚೆ ದೊಡ್ಡದು, ಅಡ್ಡಾದಿಡ್ಡಿ, ಒಂದರ ಹಾಗೆ ಇನ್ನೊಂದಿಲ್ಲ. ಕೆಣಕಿದರೆ ಮಂಡಲ ಜೋರಾಗಿ, ಬಿಡದೆ ಬುಸುಗುಡುತ್ತದೆ. ಆದರೆ ಬುಸುಗುಟ್ಟಲೇಬೇಕು ಅಂತ ನಿಯಮವಿಲ್ಲ, ಅದಕ್ಕೇ ತಡೆದಿದ್ದು.

ಇನ್ನೊಂದು ಗೊಂದಲ ಕಟ್ಟುಹಾವಿನದು, ಕರಾವಳಿಯವರ ಕಡಂಬಳ. ಹೊಳೆಯುವ ಕಪ್ಪು ಮೈ, ತೆಳುವಾದ ಬಿಳಿ ಪಟ್ಟೆ. ಪಟ್ಟೆಗಳು ಬಾಲದ ಕಡೆ ಸ್ಪಷ್ಟ, ಕತ್ತಿನ ಹತ್ತಿರ ಮಸುಕು ಅಥವಾ ಇಲ್ಲವೇ ಇಲ್ಲ. ವಿಷವಿಲ್ಲದ ತೋಳದ ಹಾವಿನಲ್ಲಿ ಇದು ತಿರುಗುಮುರುಗು. ಅದೂ ಗೋಡೆ ಹತ್ತಿ ಮನೆಯೊಳಗೆ ಬರುತ್ತದೆ. ಟಾರ್ಚ್ ಬೆಳಕಿನಲ್ಲಿ, ನಿದ್ದೆಗಣ್ಣಿನಲ್ಲಿ ಪಟ್ಟೆ ಎಲ್ಲಿಂದ ಶುರು ಅಂತ ನೋಡುವುದು ಆಗದ ಮಾತು. ನಮ್ಮ ಮನೆಯಲ್ಲಿ ಗೊತ್ತಾಗದ ಹಾವೆಲ್ಲ ವಿಷದ ಹಾವೇ. ಮರಿಗೂ ಅದೇ ನಿಯಮ. ನಾಗರದ ಮರಿ ಮೊಟ್ಟೆಯಿಂದ ಬರುವಾಗಲೇ ವಿಷ ಇರುತ್ತದೆ.

ನನಗೆ ನಿಜವಾಗಿ ಭಯ ಇರುವುದು ಈ ಕಟ್ಟುಹಾವಿನದೇ. ಅದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಊತವೂ ಇಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಮಧ್ಯರಾತ್ರಿ ಹೊಟ್ಟೆನೋವು ಅಂತ ಏಳುತ್ತಾರೆ, ಬೆಳಗಾಗುವಷ್ಟರಲ್ಲಿ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಿದರೆ ಕತೆ ಮುಗಿಯಿತು. ಅಡಿಕೆ ಸುಲಿಯುವ ಕಾಲದಲ್ಲಿ ಜಗಲಿ ತುಂಬ ಜನ ಮಲಗುತ್ತಾರೆ. ಅವರಿಗೆಲ್ಲ ಮಂಚ ಮಾಡಿಸುವುದು ನಮ್ಮಿಂದ ಆಗಲಿಲ್ಲ. ಸೊಳ್ಳೆಪರದೆ ಕೊಡಿಸಿದೆವು, ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಬೇಕು ಅಂತ ಹಟ ಹಿಡಿದೆ. ಇಳಿಬಿಟ್ಟರೆ ಸೊಳ್ಳೆಗೂ ಆಗದು, ಹಾವಿಗೂ ಆಗದು. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಯಾರೂ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಬಿದ್ದ ಅಡಿಕೆ ಹಾಳೆಯನ್ನು ಮೊದಲು ಕೋಲಿನಿಂದ ಮಗುಚಿ ಆಮೇಲೆ ಕೈ ಹಾಕುತ್ತೇವೆ. ತೋಟಕ್ಕೆ ಗಂಬೂಟು.

ನಮ್ಮ ತೋಟದ ಮೂಲೆಯಲ್ಲಿ ನಾಗಬನ ಇದೆ. ಅಲ್ಲಿ ಕತ್ತಿ ಆಡಿಸುವುದಿಲ್ಲ. ಪಂಚಮಿಗೆ ಕಲ್ಲಿಗೆ ಹಾಲೆರೆಯುತ್ತೇವೆ, ನಿಜವಾದ ಹಾವಿನ ಮುಂದೆ ಹಾಲಿಡುವುದಿಲ್ಲ, ಹಾಲು ಅದರ ಆಹಾರ ಅಲ್ಲ. ನಾಗರಹಾವು ಸತ್ತು ಬಿದ್ದಿದ್ದರೆ ಊರಿನವರು ಸಂಸ್ಕಾರ ಮಾಡಿಸುತ್ತಾರೆ. ಅದೇ ಜನ ಮಂಡಲ ಕಂಡರೆ ದೊಣ್ಣೆ ಹುಡುಕುತ್ತಾರೆ! 1972ರ ವನ್ಯಜೀವಿ ಕಾಯ್ದೆಗೆ ಈ ಭೇದ ಇಲ್ಲ, ಹೊಡೆದು ಕೊಂದರೆ ಕೇಸು. ಕಾಯ್ದೆ ಬಿಡಿ, ದೊಣ್ಣೆ ಹಿಡಿದವನು ಹಾವಿಗೆ ದೊಣ್ಣೆಯಷ್ಟೇ ದೂರದಲ್ಲಿ ಇರುತ್ತಾನಲ್ಲ. ಕಾಳಿಂಗ ಬಂದರಂತೂ ಯಾರೂ ಹೇಳಬೇಕಾಗಿಲ್ಲ, ಎಲ್ಲರೂ ದೂರ. ಬೇಸಗೆಯಲ್ಲಿ ಕೇರೆ ಹಾವಿನ ಬೆನ್ನು ಹತ್ತಿ ಅಂಗಳದವರೆಗೆ ಬರುತ್ತದೆ. ಅದರ ಊಟವೇ ಬೇರೆ ಹಾವುಗಳು. ಬಿಟ್ಟರೆ ಎಷ್ಟೋ ಸಲ ತಾನಾಗಿ ಹೋಗುತ್ತದೆ.

ಇನ್ನು ಕಚ್ಚಿದರೆ. 2000ರಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನುವುದು 2020ರಲ್ಲಿ ಬಂದ ಅಧ್ಯಯನದ ಅಂದಾಜು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ನಮ್ಮ ನಾಟಿ, ಕಳೆಯ ದಿನಗಳಲ್ಲಿ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದರ ಸುದ್ದಿ ಓದಿದ ಮೇಲೆ ನಾನೇ ತಾಲೂಕು ಆಸ್ಪತ್ರೆಗೆ ಹೋಗಿ ವಿಷನಿರೋಧಕ ಇಂಜೆಕ್ಷನ್ ಇದೆಯಾ, ರಾತ್ರಿ ವೈದ್ಯರು ಇರುತ್ತಾರಾ ಅಂತ ಕೇಳಿ ಬಂದೆ. ಕಚ್ಚಿದ ಮೇಲೆ ಊರೂರು ಅಲೆದು ಹುಡುಕುವ ವಿಷಯ ಅಲ್ಲ ಅದು. ಫೋನಿನ ಪಕ್ಕದ ಗೋಡೆಯಲ್ಲಿ ಆಸ್ಪತ್ರೆ ನಂಬರು, 108, ಜೀಪು ಇರುವ ಪಕ್ಕದ ಮನೆಯವರ ನಂಬರು ಬರೆದಿಟ್ಟಿದ್ದೇವೆ.

ಪಕ್ಕದ ತೋಟದಲ್ಲಿ ಕೆಲಸದವರೊಬ್ಬರಿಗೆ ಕೈಗೆ ಮಂಡಲ ಕಚ್ಚಿದಾಗ ಈ ಪಟ್ಟಿ ಉಪಯೋಗಕ್ಕೆ ಬಂತು. ನಾವು ಹೋಗುವಷ್ಟರಲ್ಲಿ ತೋಳಿಗೆ ಹಗ್ಗ ಬಿಗಿದಾಗಿತ್ತು. ಕಟ್ಟಲೇಬಾರದು, ರಕ್ತ ಓಡಾಡದೆ ಕೈಯೇ ಹೋಗಬಹುದು. ಆದರೆ ಆಗಲೇ ಬಿಗಿದಿದ್ದನ್ನು ದಾರಿಯಲ್ಲಿ ಬಿಚ್ಚಬಾರದು ಅಂತ ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು, ಅಲ್ಲೇ ವೈದ್ಯರ ಎದುರು ಬಿಚ್ಚಿಸಿದೆವು. ಬೆರಳು ಊದುವ ಮೊದಲು ಉಂಗುರ ತೆಗೆಸಿದೆ. ಕೈಗೆ ಅಡಿಕೆ ದಬ್ಬೆ ಇಟ್ಟು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಅಲುಗಾಡಿಸದೆ ಜೀಪಿನಲ್ಲಿ ಮಲಗಿಸಿದೆವು. ಕೊಯ್ಯುವುದು, ಹೀರುವುದು, ಐಸ್ ಇಡುವುದು, ಯಾವುದೂ ಇಲ್ಲ.

ಅವರ ಅಣ್ಣ ಮೊದಲು ನಾಟಿ ಪಂಡಿತರ ಹತ್ತಿರ ಹೋಗೋಣ ಅಂದರು. ಜಗಳ ಆಡಲಿಲ್ಲ. "ಅಣ್ಣಾ, ಆಸ್ಪತ್ರೆಯಿಂದ ಬಂದ ಮೇಲೆ ನಾನೇ ಕರ್ಕೊಂಡು ಹೋಗ್ತೀನಿ" ಅಂದೆ, ಗಾಡಿ ಹೊರಟಿತು. ವಿಷವಿಲ್ಲದ ಹಾವು ಕಚ್ಚಿದರೂ, ವಿಷದ ಹಾವು ವಿಷ ಬಿಡದೆ ಕಚ್ಚಿದರೂ ಯಾವ ಸೊಪ್ಪು ಅರೆದು ಹಚ್ಚಿದರೂ ಗುಣವಾಗುತ್ತದೆ. ಪಂಡಿತರ ಹೆಸರು ಉಳಿದಿರುವುದು ಅದರಿಂದ.

ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟರು. ಹೆಪ್ಪುಗಟ್ಟಲಿಲ್ಲ. ಮಂಡಲದ ವಿಷ ಮೈಗೆ ಏರಿದೆ ಅಂತ ಅರ್ಥ, ಇಂಜೆಕ್ಷನ್ ಶುರು ಮಾಡಿದರು. ಆ ಹೊತ್ತಿಗೆ ಒಬ್ಬ ಹುಡುಗ ಸತ್ತ ಹಾವನ್ನು ಚೀಲದಲ್ಲಿ ಹಿಡಿದುಕೊಂಡು ಬಂದ. ನರ್ಸಮ್ಮ ಚೆನ್ನಾಗಿ ಬೈದರು. ಹಾವು ತರುವುದು ಬೇಡ, ದೂರದಿಂದ ತೆಗೆದ ಫೋಟೊ ಇದ್ದರೆ ತೋರಿಸಿ, ಇಲ್ಲದಿದ್ದರೂ ಲಕ್ಷಣ ನೋಡಿಯೇ ಚಿಕಿತ್ಸೆ ಮಾಡುತ್ತೇವೆ ಅಂದರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಬಯಲುಸೀಮೆಯ ಗರಗಸ ಮಂಡಲ, ಈ ನಾಲ್ಕಕ್ಕೂ ಇಂಜೆಕ್ಷನ್ ಒಂದೇ. ನಮ್ಮ ಮಲೆನಾಡಿನಲ್ಲಿ ಗುಳಿಮಂಡಲ ಅಂತ ಬೇರೆ ಜಾತಿಯ ವಿಷದ ಹಾವುಗಳಿವೆ, ಅವಕ್ಕೆ ಅದು ಕೆಲಸ ಮಾಡುವುದಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು, ಊತ ಮತ್ತು ಮೂತ್ರಪಿಂಡದ ಮೇಲೆ ಕಣ್ಣಿಡಲು ಒಂದು ದಿನವಾದರೂ ಇಟ್ಟುಕೊಳ್ಳುತ್ತಾರೆ. ಚೆನ್ನಾಗಿದ್ದೇನೆ ಅಂತ ಅದೇ ಸಂಜೆ ಎದ್ದು ಮನೆಗೆ ಬರಬೇಡಿ.