ಭಾರದ ಕ್ಯಾರವಾನ್ ಎಳೆಯಲು ಯಾವ ಗಾಡಿ? ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರಿಗೆ

ಇಲ್ಲಿ ಸ್ವಲ್ಪ ನೆಲೆ ಕಂಡುಕೊಳ್ಳುತ್ತಿದ್ದಂತೆ ನಮ್ಮವರಲ್ಲಿ ಹಲವರಿಗೆ ಕ್ಯಾರವಾನ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಯ ಆಸೆ ಹತ್ತುತ್ತದೆ. ಆಸೆಯೇನೋ ಒಳ್ಳೆಯದೇ, ಆದರೆ ಕೊಳ್ಳುವ ಕ್ರಮ ಮಾತ್ರ ತಲೆಕೆಳಗು. ಮೊದಲು ಗಾಡಿ ಕೊಂಡು, ಆಮೇಲೆ ಅದು ಎಳೆಯಬಲ್ಲ ಅತಿ ದೊಡ್ಡ ಕ್ಯಾರವಾನನ್ನು ಹುಡುಕುತ್ತಾರೆ. ಕ್ಯಾರವಾನ್ ಯಾವುದೆಂದು ಮೊದಲು ತೀರ್ಮಾನಿಸಿ. ಅದರ ತಗಡಿನ ಪಟ್ಟಿಯ ಮೇಲಿರುವ ಎಟಿಎಂ ಅಂಕಿಯನ್ನು ಬರೆದುಕೊಂಡು ಗಾಡಿ ನೋಡಲು ಹೋಗಿ.

ಎಟಿಎಂ ಎಂದರೆ ಸಾಮಾನು ತುಂಬಿದ ಕ್ಯಾರವಾನ್ ಇರಬಹುದಾದ ಗರಿಷ್ಠ ತೂಕ. ಮಾರುವವರು ಬಾಯಿಬಿಟ್ಟು ಹೇಳುವುದು ಟೇರ್, ಅಂದರೆ ಖಾಲಿ ತೂಕ. ಟೇರ್ 2,400 ಕಿಲೋ, ಎಟಿಎಂ 2,900 ಎಂದುಕೊಳ್ಳಿ. ನಿಮಗೆ ಸಿಗುವುದು 500 ಕಿಲೋ. 95 ಲೀಟರಿನ ಎರಡು ನೀರಿನ ಟ್ಯಾಂಕ್ ತುಂಬಿದರೆ ಅದರಲ್ಲಿ 190 ಕಿಲೋ ಹೋಯಿತು. ಗ್ಯಾಸ್ ಸಿಲಿಂಡರ್, ಆಮೇಲೆ ಹಾಕಿಸಿದ ಹೆಚ್ಚುವರಿ ಬ್ಯಾಟರಿ, ಮಡಚುವ ಕುರ್ಚಿ, ಮಕ್ಕಳ ಸೈಕಲ್ಲು ಎಲ್ಲವೂ ಉಳಿದದ್ದರಲ್ಲೇ ಹಿಡಿಯಬೇಕು. ಆದ್ದರಿಂದ ಲೆಕ್ಕವನ್ನು ಯಾವಾಗಲೂ ಎಟಿಎಂನಿಂದಲೇ ಹಾಕಿ. ಖಾಲಿ ಕ್ಯಾರವಾನ್ ಕಟ್ಟಿಕೊಂಡು ಪ್ರವಾಸ ಹೊರಡುವವರು ಯಾರೂ ಇಲ್ಲ.

ಈಗ ಗಾಡಿ. ಇಲ್ಲಿನ ಡಬಲ್ ಕ್ಯಾಬ್ ಯೂಟ್‌ಗಳ, ಅಂದರೆ ಎರಡು ಸಾಲು ಸೀಟು, ಹಿಂದೆ ತೊಟ್ಟಿ ಇರುವ ಪಿಕಪ್‌ಗಳ ಜಾಹೀರಾತಿನಲ್ಲಿ 3,500 ಕಿಲೋ ಎಂಬ ಅಂಕಿ ದಪ್ಪಕ್ಷರದಲ್ಲಿರುತ್ತದೆ. ಅಂಕಿ ಸುಳ್ಳಲ್ಲ, ಆದರೆ ಅದೊಂದನ್ನೇ ನಂಬಿದರೆ ಕೆಟ್ಟಿರಿ. ನೋಡಬೇಕಾದದ್ದು ಜಿಸಿಎಂ: ಗಾಡಿ ಮತ್ತು ಕ್ಯಾರವಾನ್ ಎರಡೂ ಸೇರಿ ಮೀರಬಾರದ ತೂಕ. ಒಂದು ಯೂಟಿನ ಜಿಸಿಎಂ 6,000 ಕಿಲೋ, ಅದರ ಸ್ವಂತ ತೂಕ 2,200 ಎನ್ನೋಣ. ಹಿಂದೆ ಪೂರ್ತಿ 3,500 ಕಟ್ಟಿದರೆ ಗಾಡಿಯ ಪಾಲಿಗೆ 2,500 ಉಳಿಯುತ್ತದೆ. ಅದರಲ್ಲಿ ಸ್ವಂತ ತೂಕ ಕಳೆದರೆ 300 ಕಿಲೋ. ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳು ಕೂತರೆ ಹೆಚ್ಚುಕಡಿಮೆ ಮುಗಿಯಿತು. ಮುಂದೆ ಬುಲ್‌ಬಾರ್ (ಉಕ್ಕಿನ ರಕ್ಷಾಕಂಬಿ), ಹಿಂದೆ ಕ್ಯಾನೊಪಿ (ತೊಟ್ಟಿಯ ಮೇಲಿನ ಮುಚ್ಚಳದ ಗೂಡು), ಒಳಗೆ ಫ್ರಿಜ್ ಸೇರಿದರೆ ಮಿತಿ ದಾಟಿದಂತೆಯೇ. ಗಾಡಿಯ ಸ್ಪ್ರಿಂಗ್ ಬದಲಿಸಿ ಜಿವಿಎಂ ಏರಿಸಿಕೊಡುತ್ತೇವೆ ಎನ್ನುವವರು ಇದ್ದಾರೆ. ಜಿವಿಎಂ ಎಂದರೆ ಜನ, ಸಾಮಾನು ತುಂಬಿದ ಗಾಡಿಯೊಂದರ ತೂಕದ ಮಿತಿ ಮಾತ್ರ. ಅದು ಏರಿದ ಮಾತ್ರಕ್ಕೆ ಜಿಸಿಎಂ ತಾನಾಗಿ ಏರುವುದಿಲ್ಲ ಎಂಬುದನ್ನು ಕೇಳದೆ ಯಾರೂ ಹೇಳುವುದಿಲ್ಲ.

ಇನ್ನು ಟೋಬಾಲ್, ಅಂದರೆ ಕ್ಯಾರವಾನ್ ಸಿಕ್ಕಿಸುವ ಗಾಡಿಯ ಹಿಂದಿನ ಗುಂಡು, ಅದರ ಮೇಲಿನ ಭಾರ. ಯಾರೂ ಗಮನ ಕೊಡದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಕ್ಯಾರವಾನ್ ತೂಕದ ಸುಮಾರು ಶೇಕಡ 10ರಷ್ಟು ಗಾಡಿಯ ಬಾಲದ ಮೇಲೆ ಕೂರಬೇಕು; ತೀರಾ ಕಡಿಮೆಯಾದರೆ ಕ್ಯಾರವಾನ್ ಹಾವಿನಂತೆ ಹೊಯ್ದಾಡುತ್ತದೆ. 2,900 ಕಿಲೋಗೆ 290 ಕಿಲೋ. ಆದರೆ ಆ ಭಾರ ಬೀಳುವುದು ಹಿಂದಿನ ಚಕ್ರದ ಮೇಲಲ್ಲ, ಚಕ್ರಕ್ಕಿಂತ ಹಿಂದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ (ಇದೇ ವೀಲ್‌ಬೇಸ್) 3.2 ಮೀಟರ್, ಹಿಂದಿನ ಚಕ್ರದಿಂದ ಟೋಬಾಲಿಗೆ 1.3 ಮೀಟರ್ ಇದ್ದರೆ, ಮುಂದಿನ ಚಕ್ರಗಳ ಮೇಲಿಂದ ಸುಮಾರು 118 ಕಿಲೋ ಎದ್ದುಹೋಗಿ ಹಿಂದಿನ ಆಕ್ಸಲ್ ಮೇಲೆ 408 ಕಿಲೋ ಕೂರುತ್ತದೆ. ತಿರುಗಿಸುವುದೂ ಹೆಚ್ಚಿನ ಪಾಲು ಬ್ರೇಕ್ ಹಿಡಿಯುವುದೂ ಮುಂದಿನ ಚಕ್ರಗಳೇ. ಅವೇ ಹಗುರಾದರೆ ಸ್ಟಿಯರಿಂಗ್ ಕೈಗೆ ತೇಲಿದಂತಾಗುತ್ತದೆ. ಆದ್ದರಿಂದ ಉದ್ದ ವೀಲ್‌ಬೇಸ್, ಗಿಡ್ಡ ಬಾಲ ಇರುವ ಗಾಡಿಯನ್ನು ಆರಿಸಿ. ಟೇಪು ಹಿಡಿದು ಅಳೆಯಲು ಸಂಕೋಚ ಬೇಡ. ಯೂಟಿನ ತೊಟ್ಟಿಯ ತುತ್ತತುದಿಗೆ ಜನರೇಟರ್ ಇಡುವವರನ್ನು ನೋಡಿದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಭಾರ ಹಂಚುವ ಹಿಚ್ (ಜೋಡಣೆಯ ಸಾಧನ) ಬಳಸಿದರೆ ಎದ್ದ ತೂಕದಲ್ಲಿ ಒಂದಿಷ್ಟು ಮುಂದಕ್ಕೆ ಮರಳುತ್ತದೆ, ಆದರೆ ಗಾಡಿ ತಯಾರಕರು ಅದಕ್ಕೆ ಒಪ್ಪಿದ್ದಾರೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಎಳೆಯುವುದು ಎಳೆಸಿಕೊಳ್ಳುವುದಕ್ಕಿಂತ ಭಾರವಾಗಿದ್ದಷ್ಟೂ ಒಳ್ಳೆಯದು. ಇದು ಇಲ್ಲಿನ ಕಾನೂನಲ್ಲ, ನನ್ನ ಹಟ. 2,900 ಕಿಲೋ ಕ್ಯಾರವಾನಿಗೆ 2,200 ಕಿಲೋ ಯೂಟ್ ಕಾಗದದ ಮೇಲೆ ಸರಿ. ಅಡ್ಡಗಾಳಿಯಲ್ಲಿ ರೋಡ್ ಟ್ರೈನ್ (ಹಲವು ಟ್ರೇಲರ್ ಎಳೆಯುವ ಉದ್ದ ಲಾರಿ) ಒಂದು ಪಕ್ಕದಲ್ಲಿ ಹಾದುಹೋದಾಗ ಮಾತ್ರ ಯಾರು ಯಾರನ್ನು ನಡೆಸುತ್ತಿದ್ದಾರೆಂದು ಗೊತ್ತಾಗುತ್ತದೆ. ನಾನಾದರೆ ಲ್ಯಾಂಡ್ ಕ್ರೂಸರ್ 300ರಂಥ ತೂಕದ ವ್ಯಾಗನ್ ನೋಡುತ್ತೇನೆ: ಅದರ ಜಿಸಿಎಂ 6,750 ಕಿಲೋ. ಅದು ಕೈಗೆಟುಕದಿದ್ದರೆ ಯೂಟನ್ನೇ ಇಟ್ಟುಕೊಂಡು ಕ್ಯಾರವಾನನ್ನು ಚಿಕ್ಕದು ಮಾಡುತ್ತೇನೆ. ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗಿನ ಡೀಸೆಲ್ ಎಂಜಿನ್‌ಗಳಿಗೆ ಎಳೆಯುವ ಶಕ್ತಿ ಸಾಕಷ್ಟಿದೆ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ.

ಕ್ಯಾರವಾನಿನ ಚಕ್ರಗಳ ಮೇಲಿನ ಅನುಮತಿಯ ತೂಕ, ಅಂದರೆ ಜಿಟಿಎಂ, 2,000 ಕಿಲೋ ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಇರಬೇಕು, ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆಯೂ ಬೇಕು. ಎಲೆಕ್ಟ್ರಿಕ್ ಬ್ರೇಕಿನ ನಿಯಂತ್ರಕ ಚಾಲಕನ ಕೈಗೆಟುಕುವಲ್ಲಿರಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಆ ನಿಯಂತ್ರಕ ಇದೆಯೇ, ಟೋಬಾಲ್ ಕೂರುವ ಟೋಬಾರ್ ಎಂಬ ಕಂಬಿಯ ಪಟ್ಟಿಯ ಮೇಲೆ ಯಾವ ಅಂಕಿ ಇದೆ ಎಂದು ಬಗ್ಗಿ ನೋಡಿ. ಗಾಡಿ 3,500 ಎಳೆಯುತ್ತದೆ, ಅದಕ್ಕೆ ಹಾಕಿಸಿದ ಟೋಬಾರ್ 2,500ಕ್ಕೆ ಎಂದಿದ್ದರೆ ನಿಮ್ಮ ಮಿತಿ 2,500.

ಕ್ಯಾರವಾನ್ ಎಳೆಯಲು ಮಾಮೂಲಿ ಕಾರಿನ ಲೈಸೆನ್ಸೇ ಸಾಕು. ಹಾಗಾಗಿ ನಿಮ್ಮ ಲೆಕ್ಕವನ್ನು ಮುಂಚಿತವಾಗಿ ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷಿಸಿದರೆ ದಾರಿಯಲ್ಲಿ ಪೊಲೀಸರು, ಅಪಘಾತವಾದರೆ ವಿಮೆಯವರು. ಗಾಡಿ, ಕ್ಯಾರವಾನ್ ಎರಡೂ ಸೇರಿ ಉದ್ದ 7.5 ಮೀಟರ್ ದಾಟುವುದರಿಂದ ಊರಾಚೆಯ, ದಿಕ್ಕಿಗೊಂದೇ ಲೇನ್ ಇರುವ ರಸ್ತೆಯಲ್ಲಿ ಇನ್ನೊಂದು ಉದ್ದನೆಯ ವಾಹನದ ಹಿಂದೆ 60 ಮೀಟರ್ ಅಂತರ ಬಿಡಬೇಕು. ವೇಗದ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಹಣ ಕಟ್ಟುವ ಮೊದಲು ಸ್ವಂತ ತೂಕ, ಜಿವಿಎಂ, ಜಿಸಿಎಂ, ಹಿಂದಿನ ಆಕ್ಸಲ್ ಮಿತಿ, ಟೋಬಾಲ್ ಮಿತಿ ಐದನ್ನೂ ಬರಹದಲ್ಲಿ ಕೇಳಿ. ಕ್ಯಾರವಾನ್ ಮನೆಗೆ ಬಂದ ಮೇಲೆ ನೀರು, ಗ್ಯಾಸ್, ಜನ ಎಲ್ಲ ತುಂಬಿಸಿಕೊಂಡು ಹತ್ತಿರದ ಸಾರ್ವಜನಿಕ ವೇಬ್ರಿಡ್ಜ್‌ಗೆ (ವಾಹನ ತೂಗುವ ಕಟ್ಟೆಗೆ) ಹೋಗಿ, ಆಕ್ಸಲ್ ಆಕ್ಸಲ್ ಆಗಿ ತೂಗಿಸಿ ಚೀಟಿ ಪಡೆಯಿರಿ. ಮಿತಿ ಮೀರಿದ್ದರೆ ಮೊದಲು ಖಾಲಿ ಮಾಡಬೇಕಾದದ್ದು ನೀರಿನ ಟ್ಯಾಂಕ್. ಆದರೆ ಟ್ಯಾಂಕ್ ಚಕ್ರದ ಮುಂದಿದೆಯೋ ಹಿಂದಿದೆಯೋ ನೋಡಿಕೊಂಡು, ಟೋಬಾಲ್ ಭಾರವನ್ನು ಮತ್ತೊಮ್ಮೆ ತೂಗಿಸಿ.